ಗಲ್ಲುಗಂಬದ ಸುತ್ತಲಿನ ಜನ

ಮಗಳು ಏಳನೆಯ ತರಗತಿಯಲ್ಲಿದ್ದ ವರ್ಷ ಅವಳ ಇತಿಹಾಸದ ಮೇಷ್ಟರು ಒಂದು ಟೋಪಿಯೊಳಗೆ ಚೀಟಿ ಹಾಕಿ ಮಕ್ಕಳ ಕೈಯಿಂದ ಎತ್ತಿಸಿದರು. ಮಧ್ಯಯುಗದ ಯುರೋಪಿನ ಬಗ್ಗೆ ಒಬ್ಬೊಬ್ಬರು ಒಂದೊಂದು ವಿಷಯ ಹಿಡಿದು, ಆರು ವಾರ ಓದಿ, ಒಂದು ಮಾದರಿ ಕಟ್ಟಿ, ಕೊನೆಗೆ ಅಪ್ಪ ಅಮ್ಮಂದಿರ ಎದುರು ನಿಂತು ವಿವರಿಸಬೇಕಿತ್ತು. ಅವಳ ಗೆಳತಿಗೆ ಕೋಟೆ ಬಂತು. ಇನ್ನೊಬ್ಬಳಿಗೆ ಬ್ರೆಡ್ಡು ಸುಡುವವರ ಸಂಘ ಬಂತು. ನನ್ನ ಮಗಳು ಶಾಲೆಯ ಮುಂದೆ ಕಾರುಗಳ ಸಾಲಿನಲ್ಲಿ ಕಾಯುತ್ತಿದ್ದ ನನ್ನ ಕಾರು ಹತ್ತಿ, ಬ್ಯಾಗನ್ನು ಕಾಲ ಬಳಿ ಇಳಿಸಿ, ಬೆಲ್ಟು ಹಾಕಿಕೊಳ್ಳುವ ಮೊದಲೇ ಹೇಳಿದಳು:

"ಅಮ್ಮ, ಗೆಸ್ ವಾಟ್ ಐ ಗಾಟ್. ಪಬ್ಲಿಕ್ ಎಕ್ಸಿಕ್ಯೂಷನ್ಸ್!"

ಬಹುಮಾನ ಬಂದವರ ದನಿ ಅದು. ನಾನು ತಿರುಗಬೇಕಾದ ರಸ್ತೆಯನ್ನು ಬಿಟ್ಟು ಮುಂದೆ ಹೋಗಿಬಿಟ್ಟೆ. ಹನ್ನೆರಡು ವರ್ಷದ ಹುಡುಗಿ. ಮನೆಯಲ್ಲಿ ಜೇಡ ಕಂಡರೂ ಲೋಟದಲ್ಲಿ ಹಿಡಿದು ಹೊರಗೆ ಬಿಡುವವಳು. ಅವಳು ಆರು ವಾರ ನೇಣು, ಕೊಡಲಿ, ಚಿತೆ ಇವನ್ನೇ ಓದಬೇಕೆ?

ಅಂದು ಸಂಜೆಯೇ ಮೇಷ್ಟರಿಗೆ ಇಮೇಲು ಬರೆದೆ. ನನ್ನ ಕೆಲಸ ಹೇವರ್ಡಿನ ಗೋದಾಮುಗಳ ಸಾಲಿನಲ್ಲಿರುವ ಒಂದು ಕಂಪನಿಯಲ್ಲಿ. ಆಸ್ಪತ್ರೆಗಳಿಗೆ ಹೋಗುವ ಸಾಮಾನಿನ ಮೇಲಿನ ಲೇಬಲ್ಲುಗಳು ಸರಿಯಿವೆಯೇ ಎಂದು ನೋಡುವುದು. ತಪ್ಪು ಕಂಡರೆ ತಕ್ಷಣ ಬರೆದು ತಿಳಿಸುವ ಅಭ್ಯಾಸ ಅಲ್ಲಿಂದ ಬಂದದ್ದು. ಮೇಷ್ಟರು ಮರುದಿನವೇ ಬರಹೇಳಿದರು. ಐವತ್ತು ದಾಟಿದ, ನಿಧಾನವಾಗಿ ಮಾತಾಡುವ ಮನುಷ್ಯ. ನನ್ನ ದೂರನ್ನೆಲ್ಲ ಕೇಳಿಸಿಕೊಂಡು ಹೇಳಿದರು: "ಕೋಟೆ ಬಂದ ಮಕ್ಕಳು ಗೋಡೆ ಎಷ್ಟು ದಪ್ಪ ಅಂತ ಬರೀತಾರೆ. ನಿಮ್ಮ ಮಗಳು ಜನ ಯಾಕೆ ಹಾಗಿದ್ದರು ಅಂತ ಯೋಚಿಸಬೇಕಾಗುತ್ತೆ. ಹೇಗೆ ಕೊಂದರು ಅನ್ನೋದು ನನಗೆ ಬೇಡ. ಯಾಕೆ ಎಲ್ಲರ ಎದುರು ಕೊಂದರು, ಅದನ್ನ ಹೇಳಲಿ. ಎರಡು ವಾರ ನೋಡಿ. ಅವಳಿಗೆ ನಿದ್ದೆ ಕೆಟ್ಟರೆ ನಾನೇ ವಿಷಯ ಬದಲಾಯಿಸ್ತೀನಿ."

ಒಪ್ಪಿಕೊಂಡು ಬಂದೆ. ಪೂರ್ತಿ ಮನಸ್ಸಿನಿಂದೇನಲ್ಲ.

ಮನೆಯಲ್ಲಿ ನಾವು ನಾಲ್ಕು ಜನ. ನಾನು, ನನ್ನ ಗಂಡ, ಮಗಳು, ಮಾವನವರು. ಗಂಡನದು ಲಾಸ್ ಗ್ಯಾಟೋಸ್‌ನಲ್ಲಿ ಕೆಲಸ. ವಾರಕ್ಕೆ ಮೂರು ದಿನ ಬೆಳಿಗ್ಗೆ ಫ್ರೀವೇ ತುಂಬುವ ಮೊದಲೇ ಹೊರಡುತ್ತಾರೆ. ಮಾವನವರು ಅತ್ತೆ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದು ಆಗ ಎರಡು ವರ್ಷವಾಗಿತ್ತು. ಅವರು ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೋರ್ಟಿನಲ್ಲಿ ಕೆಲಸ ಮಾಡಿದವರು. ಬಹಳ ವರ್ಷ ಬೆಂಚ್ ಕ್ಲರ್ಕ್ ಆಗಿ ನ್ಯಾಯಾಧೀಶರ ಪೀಠದ ಕೆಳಗೇ ಕೂತಿದ್ದು, ಕಡೆಗೆ ಶಿರಸ್ತೇದಾರರಾಗಿ ನಿವೃತ್ತರಾದವರು. ಬೆಳಿಗ್ಗೆ ಸ್ನಾನ, ವಿಭೂತಿ, ಪೂಜೆ. ಆಮೇಲೆ ಪಾರ್ಕಿನಲ್ಲಿ ಎರಡು ಸುತ್ತು. ಮಧ್ಯಾಹ್ನ ಟ್ಯಾಬ್ಲೆಟ್ಟಿನಲ್ಲಿ ಪೇಪರು. ಮಾತು ಕಡಿಮೆ. ನಾನು ಮೈಸೂರಿನವಳು. ಮದುವೆಯಾದ ಹೊಸದರಲ್ಲಿ ಅವರ ಮಾತು ಅರ್ಥವಾಗದೆ ಎಲ್ಲಕ್ಕೂ ತಲೆಯಾಡಿಸಿ ಪೇಚಿಗೆ ಸಿಕ್ಕಿಕೊಂಡದ್ದುಂಟು. ಮಗಳಿಗೆ ನನ್ನ ಕನ್ನಡ ಅರ್ಥವಾಗುತ್ತದೆ, ಅಜ್ಜನದು ಅರ್ಧ. ಹಾಗಾಗಿ ಅಜ್ಜ ಮೊಮ್ಮಗಳ ನಡುವೆ ದಿನಕ್ಕೆ ಎರಡೇ ಮಾತು. "ಊಟಾತೇನವಾ?" "ಹೂಂ ಅಜ್ಜ."

ಲೈಬ್ರರಿಯಿಂದ ಮಗಳು ಒಂಬತ್ತು ಪುಸ್ತಕ ಹೊತ್ತು ತಂದಳು. ಶನಿವಾರ ಬೆಳಿಗ್ಗೆ ಊಟದ ಮೇಜಿನ ಒಂದು ತುದಿಯಲ್ಲಿ ಅವಳು ಅವನ್ನು ಹರಡಿಕೊಂಡಿದ್ದಳು. ಇನ್ನೊಂದು ತುದಿಯಲ್ಲಿ ಮಾವನವರು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಒಂದು ಹಳೆಯ ಚಿತ್ರದ ಮೇಲೆ ಅವರ ಕಣ್ಣು ಬಿತ್ತು. ತಳ್ಳುಗಾಡಿಯಲ್ಲಿ ತಿಂಡಿ ಮಾರುವವನು, ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡ ತಂದೆ, ಛಾವಣಿ ಹತ್ತಿ ಕೂತ ಹುಡುಗರು.

"ಯಾ ಊರಿನ ಸಂತಿ ಇದು?" ಎಂದು ಕೇಳಿದರು.

"ಸಂತೆ ಅಲ್ಲ ಮಾವ, ಒಬ್ಬನನ್ನ ಗಲ್ಲಿಗೆ ಹಾಕ್ತಿದ್ದಾರೆ. ಅಲ್ಲಿ ಮೂಲೇಲಿ ನೋಡಿ, ಗಾಡಿಯೊಳಗೆ ನಿಂತಿದ್ದಾನಲ್ಲ, ಅವನೇ."

ಅವರು ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಗೆ ಹಾಕಿ, ಪಂಚೆಗೆ ಕೈ ಒರೆಸಿಕೊಂಡು, ಕನ್ನಡಕ ಸರಿಮಾಡಿ ಪುಸ್ತಕವನ್ನು ಹತ್ತಿರ ಎಳೆದುಕೊಂಡರು. ಬಹಳ ಹೊತ್ತು ನೋಡಿದರು.

"ಒಬ್ಬಾಂವ ಸಾಯೂದು ನೋಡಾಕ ಇಷ್ಟ್ ಮಂದಿ ಯಾಕ ಬಂದಾರ?"

ಮಗಳು ತಲೆಯೆತ್ತಿದಳು. "ದಟ್ಸ್ ಮೈ ಕ್ವೆಶ್ಚನ್, ಅಜ್ಜ!"

ಅವರಿಬ್ಬರ ನಡುವೆ ದೊಡ್ಡ ಮಾತು ಶುರುವಾದದ್ದು ಅಲ್ಲಿಂದ. ಅವಳು ಇಂಗ್ಲಿಷಿನಲ್ಲಿ ಹೇಳುವುದು, ನಾನು ಕನ್ನಡ ಮಾಡುವುದು, ಅವರು ತಮ್ಮ ಕನ್ನಡದಲ್ಲಿ ಉತ್ತರಿಸುವುದು, ಅದನ್ನು ನಾನು ಮತ್ತೆ ಸುಲಭ ಕನ್ನಡಕ್ಕೆ ತರುವುದು. ಒಲೆಯ ಮೇಲಿನ ಕುಕ್ಕರು ಎಷ್ಟು ಕೂಗಿತೆಂಬುದೂ ನನಗೆ ಗಮನವಿರಲಿಲ್ಲ.

ಅವಳು ಓದಿ ತಿಳಿದದ್ದು ಬಹಳವಿತ್ತು. ಆ ಕಾಲದಲ್ಲಿ ಪೊಲೀಸರಿಲ್ಲ, ಪೇಪರಿಲ್ಲ. ರಾಜ ಎನ್ನುವವನೊಬ್ಬ ಇದ್ದಾನೆ, ಅವನ ಕೈ ಇಲ್ಲಿಯವರೆಗೆ ಚಾಚುತ್ತದೆ ಎಂದು ಊರಿನ ಜನಕ್ಕೆ ಕಣ್ಣಾರೆ ಕಾಣುತ್ತಿದ್ದದ್ದು ಇಂಥ ದಿನಗಳಲ್ಲಿ ಮಾತ್ರ. ಅದಕ್ಕೇ ಅಪರಾಧಿಯನ್ನು ಗಾಡಿಯಲ್ಲಿ ನಿಲ್ಲಿಸಿ ಬೀದಿ ಬೀದಿ ಮೆರೆಸುತ್ತಿದ್ದರು. ಅದಕ್ಕೇ ಗಲ್ಲುಗಂಬ ಊರಬಾಗಿಲ ಹೊರಗೆ, ಎತ್ತರದ ದಿಬ್ಬದ ಮೇಲೆ, ದಾರಿಹೋಕರಿಗೆ ಮೊದಲು ಅದೇ ಕಾಣುವಂತೆ. ದೊಡ್ಡ ಮನೆತನದವರಿಗೆ ಕತ್ತಿ, ಕಳ್ಳರಿಗೆ ಹಗ್ಗ. ಸಾವಿನಲ್ಲೂ ಪಂಕ್ತಿಭೇದ. ಗಲ್ಲಿಗೆ ಹಾಕುವವನನ್ನು ಜನ ಮುಟ್ಟುತ್ತಿರಲಿಲ್ಲ. ಅವನು ಊರ ಅಂಚಿನಲ್ಲಿರಬೇಕು, ಚರ್ಚಿನಲ್ಲಿ ಬೇರೆ ಕೂರಬೇಕು.

"ಅವರ ಪೈಕೀನೂ ಮಡಿ ಮೈಲಿಗಿ ಇತ್ತು ಅನ್ನು" ಎಂದರು ಮಾವನವರು.

ನನಗೆ ಹೊಸದೆನಿಸಿದ್ದು ಬೇರೆ. ಜನ ಬರೀ ಮಜಾ ನೋಡಲು ಬರುತ್ತಿರಲಿಲ್ಲವಂತೆ. ಸಾಯುವವನು ತಪ್ಪೊಪ್ಪಿಕೊಂಡು ಎಲ್ಲರ ಕ್ಷಮೆ ಕೇಳಬೇಕು, ಸೇರಿದವರು ಅವನಿಗಾಗಿ ಪ್ರಾರ್ಥಿಸಬೇಕು. ಅವನಿಂದ ಹರಿದುಹೋದ ಊರನ್ನು ಹೀಗೆ ಮತ್ತೆ ಹೊಲಿಯುತ್ತೇವೆಂದು ಅವರು ನಂಬಿದ್ದರು. ಎಷ್ಟೋ ಸಲ ಗಲ್ಲಿಗೆ ಹಾಕುವವನೇ ಮೊಣಕಾಲೂರಿ ಅಪರಾಧಿಯಲ್ಲಿ ಕ್ಷಮೆ ಬೇಡುತ್ತಿದ್ದ. ಹಗ್ಗ ಹರಿದರೆ ದೇವರೇ ಬಿಡಿಸಿದ ಎಂದು ಕೂಗುವವರಿದ್ದರು. ಗಲ್ಲಿಗೆ ಹಾಕುವವನು ಕೆಲಸ ಕೆಡಿಸಿ ಅಪರಾಧಿಯನ್ನು ಒದ್ದಾಡಿಸಿದರೆ ಜನ ಅವನ ಮೇಲೆಯೇ ಕಲ್ಲು ಬೀರುತ್ತಿದ್ದರು.

ಮಾವನವರು ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕಿಟ್ಟರು. "ನಮ್ಮಲ್ಲೂ ಆಗೈತೆವಾ. ಕಲ್ಯಾಣದಾಗ, ಎಂಟ್ನೂರು ವರ್ಷದ ಮ್ಯಾಲಾತು. ಮ್ಯಾಲಿನ ಜಾತಿ ಹುಡುಗಿ, ಕೆಳಗಿನ ಜಾತಿ ಹುಡುಗ. ಶರಣರು ಸೇರಿ ಮದುವಿ ಮಾಡಿದ್ರು. ರಾಜಾ ಆ ಇಬ್ಬರ ತಂದೆಗೋಳನ್ನ ಎಳೆಹೂಟೆ ಮಾಡಿಸಿದ. ಎಳೆಹೂಟೆ ಅಂದ್ರ, ಆನಿ ಕಾಲಿಗೆ ಕಟ್ಟಿ ಊರ ತುಂಬ ಎಳಸೂದು. ಮುಚ್ಚಿದ ಬಾಗಲದಾಗ ಅಲ್ಲ, ನಡು ಬೀದ್ಯಾಗ."

"ವೈ ಇನ್ ದ ಸ್ಟ್ರೀಟ್?"

"ಮಂದಿ ನೋಡಿ ಅಂಜಲಿ ಅಂತ. ಆದ್ರ ಮಂದಿ ಅಂಜಲಿಲ್ಲ. ಇಡೀ ಊರ ಎದ್ದಿತು. ರಾಜಾನೂ ಉಳೀಲಿಲ್ಲ, ಕಲ್ಯಾಣಾನೂ ಉಳೀಲಿಲ್ಲ."

ಮಗಳು ಬರೆದುಕೊಂಡಳು. ಇದನ್ನೂ ಹಾಕಬಹುದೇ, ಇದು ಯುರೋಪಲ್ಲವಲ್ಲ ಎಂದಳು. ಹಾಕು ಎಂದೆ. ಎರಡು ವಾರ ಕಳೆಯಿತು. ಅವಳ ನಿದ್ದೆ ಕೆಡಲಿಲ್ಲ. ಮೇಷ್ಟರಿಗೆ ಮತ್ತೆ ಇಮೇಲು ಬರೆಯುವ ಪ್ರಸಂಗ ಬರಲಿಲ್ಲ.

ಆಮೇಲೊಂದು ದಿನ ಅವಳು, ಈಗೆಲ್ಲ ಶಿಕ್ಷೆಯನ್ನು ಮುಚ್ಚಿದ ಬಾಗಿಲ ಹಿಂದೆ ಕೊಡುತ್ತಾರೆ, ಹಾಗಾದರೆ ಈಗ ಜನ ನೋಡುವುದು ಏನನ್ನು ಎಂದು ಕೇಳಿದಳು. ಮಾವನವರು, "ಕೋರ್ಟು. ಯಾರ್ ಬೇಕಾದ್ರೂ ಹೋಗಿ ಕುಂಡರಬೌದು" ಎಂದರು. ಅಷ್ಟು ಹೇಳಿ ನನ್ನ ಕಡೆ ತಿರುಗಿ, ಸ್ವಲ್ಪ ಸಂಕೋಚದಿಂದ, "ಇಲ್ಲೂ ಹಂಗೇನ ಇರತೈತೇನು?" ಎಂದು ವಿಚಾರಿಸಿದರು. ಬಂದು ಎರಡು ವರ್ಷದಲ್ಲಿ ಅವರು ಯಾವುದನ್ನೂ ನೋಡಬೇಕೆಂದು ಕೇಳಿದವರಲ್ಲ. ನಾವೇ ಸೇತುವೆ, ಸಮುದ್ರ, ಕೆಂಪು ಮರಗಳ ಕಾಡು ಎಂದು ಕರೆದೊಯ್ದು ಫೋಟೋ ತೆಗೆದಿದ್ದೆವು. ಎಲ್ಲ ಕಡೆಯೂ "ಛಲೋ ಐತಿ" ಎಂದು ಕಾರಿಗೆ ಮರಳುತ್ತಿದ್ದರು.

ಫೆಬ್ರವರಿಯಲ್ಲಿ ಶಾಲೆಗೆ ಒಂದು ವಾರ ರಜೆ ಬಂತು. ನಾನೂ ಒಂದು ದಿನ ರಜೆ ಹಾಕಿ, ಇಬ್ಬರನ್ನೂ ಹೇವರ್ಡಿನ ಕೋರ್ಟಿಗೆ ಕರೆದುಕೊಂಡು ಹೋದೆ. ಮಾವನವರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಕರಿ ಕೋಟು ಹಾಕಿಕೊಂಡಿದ್ದರು. ಆ ಕೋಟು ಅವರ ಪೆಟ್ಟಿಗೆಯಲ್ಲಿತ್ತೆಂದೇ ನನಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ತಪಾಸಣೆ ಮಾಡುವವನು ಯಾವ ಕೇಸಿಗೆ ಬಂದಿರಿ ಎಂದು ಕೇಳಿದ. ಯಾವುದಕ್ಕೂ ಅಲ್ಲ, ಸುಮ್ಮನೆ ನೋಡಲು ಎಂದೆ. ಅವನು ನಮ್ಮ ಮೂವರನ್ನೂ ನೋಡಿ, ನಕ್ಕು, ಒಳಗೆ ಬಿಟ್ಟ.

ನಾವು ಕೂತ ಕೋಣೆಯಲ್ಲಿ ನ್ಯಾಯಾಧೀಶರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಅವರು ಬಂದಾಗ ಮಾವನವರು ಎಲ್ಲರಿಗಿಂತ ಮೊದಲು ಎದ್ದು ನಿಂತರು. ಪೀಠದ ಕೆಳಗೆ ಕೂತಿದ್ದ ಕ್ಲರ್ಕ್ ಹುಡುಗಿಯನ್ನು ಅವರು ನೋಡಿದ ರೀತಿ ಈಗಲೂ ನೆನಪಿದೆ. ಅವಳು ಕಾಗದ ತಿರುವಿದಂತೆಲ್ಲ ಇವರ ಬೆರಳೂ ಸಣ್ಣಗೆ ಆಡುತ್ತಿತ್ತು.

ಮೂರನೆಯ ಕೇಸು ಒಬ್ಬ ವಯಸ್ಸಾದ ಹೆಂಗಸಿನದು. ಕಾರಿಗೆ ಸಂಬಂಧಪಟ್ಟ ಏನೋ ತಪ್ಪು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪಕ್ಕದಲ್ಲಿ ಒಬ್ಬ ದುಭಾಷಿ ನಿಂತು, ನ್ಯಾಯಾಧೀಶರು ಹೇಳಿದ ಪ್ರತಿಯೊಂದು ಮಾತನ್ನೂ ಅವಳ ಕಿವಿಯ ಹತ್ತಿರ ಬಾಗಿ, ಅವಳಿಗೆ ಮಾತ್ರ ಕೇಳಿಸುವ ಹಾಗೆ, ಸ್ಪ್ಯಾನಿಷಿನಲ್ಲಿ ಹೇಳುತ್ತಿದ್ದ. ಅವಳು ಹೂಂಗುಟ್ಟುತ್ತಿದ್ದಳು. ಕೊನೆಗೆ ಯಾವುದೋ ತರಬೇತಿಗೆ ಹೋಗಿ ಬರಬೇಕೆಂದು ತೀರ್ಮಾನವಾಯಿತು. ಅವಳು ದುಭಾಷಿಯ ಕೈ ಹಿಡಿದುಕೊಂಡು ಏನೋ ಹೇಳಿ ಹೊರಗೆ ನಡೆದಳು.

ಮಾವನವರು ಕನ್ನಡಕ ತೆಗೆದು ಒರೆಸಿಕೊಂಡರು. "ಸಾಕವಾ, ಹೊರಗ ಹೋಗೂಣು" ಎಂದರು.

ನನಗೆ ಗಾಬರಿಯಾಯಿತು. ಹೊರಗೆ ಬಿಸಿಲಿಗೆ ಒಂದು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟೆ. "ಏನಾಯ್ತು ಮಾವ? ತಲೆ ಸುತ್ತುತ್ತಾ?"

"ಏನಿಲ್ಲ. ನಾನೂ ಒಮ್ಮಿ ಹಂಗ ಹೇಳಿದ್ದೆ. ಆ ಮನಷ್ಯಾ ಹೇಳಿದ್ನಲ್ಲ, ಹಂಗ."

ಬೆಳಿಗ್ಗೆ ಕಟ್ಟಿಕೊಂಡು ಬಂದಿದ್ದ ಚಪಾತಿ ಪಲ್ಯವನ್ನು ಬಿಚ್ಚಿದೆ. ತಿನ್ನುತ್ತಾ, ನಡುನಡುವೆ ನಿಲ್ಲಿಸುತ್ತಾ, ಅವರು ಹೇಳಿದ್ದು ಇದು.

ಅವರು ಬೆಂಚ್ ಕ್ಲರ್ಕ್ ಆಗಿದ್ದಾಗ ಒಂದು ಕೊಲೆಯ ಕೇಸು ನಡೆಯಿತು. ಒಂದೇ ಮನೆಯ ಇಬ್ಬರು, ಅಣ್ಣತಮ್ಮಂದಿರು, ಸತ್ತಿದ್ದರು. ಕೊಂದವನು ಅವರ ಪಕ್ಕದ ಮನೆಯ ಇಪ್ಪತ್ತೈದರ ಯುವಕ. ತೀರ್ಪಿನ ದಿನ ಸುತ್ತಲಿನ ಹಳ್ಳಿಗಳಿಂದ ಜನ ಬಸ್ಸು, ಟ್ರ್ಯಾಕ್ಟರು ಹತ್ತಿ ಬಂದಿದ್ದರು. ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಗೇಟಿನ ಹೊರಗೆ ಮಿರ್ಚಿ ಭಜಿಯ ಗಾಡಿ ನಿಂತಿತ್ತು. ಕೋರ್ಟಿನ ಕಿಟಕಿಗಳ ಸರಳು ಹಿಡಿದು ಹುಡುಗರು ನೇತಾಡುತ್ತಿದ್ದರು.

"ನಿನ್ನ ಪುಸ್ತಕದಾಗಿನ ಚಿತ್ರಾ ನೋಡಿದಾಗ ಅದಕ ಸಂತಿ ಅಂದೆ" ಎಂದರು ಮೊಮ್ಮಗಳಿಗೆ. "ಅವತ್ತೂ ಹಂಗ ಇತ್ತು."

ನ್ಯಾಯಾಧೀಶರು ತೀರ್ಪನ್ನು ಇಂಗ್ಲಿಷಿನಲ್ಲಿ ಓದಿದರು. ಕಟಕಟೆಯಲ್ಲಿ ನಿಂತವನಿಗೆ ಒಂದಕ್ಷರ ತಿಳಿಯಲಿಲ್ಲ. ಅವನು ನ್ಯಾಯಾಧೀಶರ ಮುಖ, ವಕೀಲರ ಮುಖ, ಜನರ ಮುಖ ನೋಡುತ್ತ ನಿಂತಿದ್ದ. ನ್ಯಾಯಾಧೀಶರು ಮಾವನವರ ಕಡೆ ನೋಡಿ, ಅವನಿಗೆ ಕನ್ನಡದಲ್ಲಿ ತಿಳಿಸಿ ಎಂದರು.

"ದಿನಾ ಎಷ್ಟ ಮಾತು ಕನ್ನಡಾ ಮಾಡಿದಾಂವ ನಾನು. ಇದನ್ನ ಹೆಂಗ ಹೇಳೂದು? ಕುರ್ಚಿ ಬಿಟ್ಟು ಎದ್ದು, ಕಟಕಟಿ ಹತ್ರ ಹೋದೆ. ಹೋಗಿ ಮೆಲ್ಲಕ ಹೇಳಿದೆ. ತಮ್ಮಾ, ನಿನಗ ಗಲ್ಲಿನ ಶಿಕ್ಷಾ ಆಗೈತಿ. ಮ್ಯಾಲಿನ ಕೋರ್ಟು ಇದನ್ನ ಇನ್ನೊಮ್ಮಿ ನೋಡತೈತಿ, ಧೈರ್ಯಾ ಬಿಡಬ್ಯಾಡ, ಅಂದೆ."

ಹಿಂದಿನಿಂದ ಜನ, ಕೇಳಿಸಲಿಲ್ಲ, ಜೋರಾಗಿ ಹೇಳಿರಿ ಎಂದು ಕೂಗಿದರು. ಕಿಟಕಿಯಿಂದಲೂ ಕೂಗಿದರು. ಮಾವನವರು ಇನ್ನೊಮ್ಮೆ ಹೇಳಲಿಲ್ಲ. ತಮ್ಮ ಕುರ್ಚಿಗೆ ಬಂದು ಕೂತರು. ನ್ಯಾಯಾಧೀಶರು ಅವರನ್ನು ಒಂದು ಗಳಿಗೆ ನೋಡಿದರು. ತೀರ್ಪಿಗೆ ಸಹಿ ಹಾಕಿ, ಪೆನ್ನಿನ ನಿಬ್ಬನ್ನು ಮೇಜಿಗೆ ಒತ್ತಿ ಮುರಿದರು.

"ವೈ? ವಾಟ್ ಡಿಡ್ ದ ಪೆನ್ ಡೂ?" ಎಂದು ಮಗಳು ಕೇಳಿದಳು.

"ಪದ್ಧತಿ ಹಂಗೈತಿ. ಒಂದು ಜೀವಾ ತಗೊಂಡ ಪೆನ್ನು ಮತ್ತೇನೂ ಬರೀಬಾರದು ಅಂತಾರ. ಬರದದ್ದನ್ನ ತಾನ ತಿದ್ದಾಕ ಬರೂದಿಲ್ಲ, ಅದಕ ಮುರೀತಾರ ಅಂತಾನೂ ಅಂತಾರ. ಮುರದ ನಿಬ್ಬನ್ನ ಅವರು ಕಾಗದದಾಗ ಸುತ್ತಿ ಕಿಸೆದಾಗ ಇಟ್ಕೊಂಡ್ರು. ಅದನ್ನ ನಾ ಒಬ್ಬನ ನೋಡಿದೆ, ಕೆಳಗ ಕುಂತಿದ್ನೆಲ್ಲ."

ಸತ್ತ ಅಣ್ಣತಮ್ಮಂದಿರ ತಾಯಿ ಎಲ್ಲ ವಿಚಾರಣೆಗೂ ತಪ್ಪದೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳಂತೆ. ಶಿಕ್ಷೆಯ ಮಾತು ಕೇಳಿಸಿದ್ದು ಅಪರಾಧಿಯನ್ನು ಬಿಟ್ಟರೆ ಅವಳೊಬ್ಬಳಿಗೇ. ಜನರೆಲ್ಲ ಕತ್ತು ಚಾಚಿ ಅವನ ಮುಖ ನೋಡುತ್ತಿರುವಾಗ ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

"ಅವನನ್ನ ಹ್ಯಾಂಗ್ ಮಾಡಿದ್ರಾ ಅಜ್ಜ?" ಮಗಳ ಚಪಾತಿ ಕೈಯಲ್ಲೇ ಇತ್ತು.

ಮಾಡಲಿಲ್ಲ. ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. ವರ್ಷಗಳು ಉರುಳಿದವು. ಮಾವನವರು ನಿವೃತ್ತರಾದರು. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಜಮಖಾನೆಗಳ ಗಂಟಿಟ್ಟುಕೊಂಡು ಮಾರುತ್ತಿದ್ದ ಒಬ್ಬ ನರೆತ ತಲೆಯವನು, "ಸಾಹೇಬ್ರ, ಗುರ್ತು ಸಿಕ್ಕಿತೇನ್ರಿ?" ಎಂದು ಅಡ್ಡ ನಿಂತ. ಇವರಿಗೆ ಸಿಗಲಿಲ್ಲ. ಅವನೇ ಹೇಳಿಕೊಂಡ. ಜೈಲಿನಲ್ಲಿ ನೇಯುವುದನ್ನು ಕಲಿತಿದ್ದ. ಒಳ್ಳೆಯ ನಡತೆಗಾಗಿ ಬಿಟ್ಟಿದ್ದರು. ಹೋಟೆಲಿಗೆ ಕರೆದುಕೊಂಡು ಹೋಗಿ ಚಹಾ ಕೊಡಿಸಿದ.

"ಅಂವ ಏನಂದ ಗೊತ್ತೇನು? ಅವತ್ತ ಎಲ್ಲಾರೂ ನನ್ನ ನೋಡಾಕತ್ತಿದ್ರು. ನೀವೊಬ್ಬರ ನನ್ನ ಕೂಡ ಮಾತಾಡಿದ್ರಿ, ಅಂದ."

ಇದನ್ನು ನನ್ನ ಗಂಡನಿಗೂ ಅವರು ಹೇಳಿರಲಿಲ್ಲ. ನಾನು ಆ ಮನೆಗೆ ಸೊಸೆಯಾಗಿ ಬಂದು ಹದಿನಾರು ವರ್ಷ. ಕಡಿಮೆ ಮಾತಿನ ಮನುಷ್ಯ ಎಂದಷ್ಟೇ ತಿಳಿದುಕೊಂಡಿದ್ದೆ. ಕೇಳಬೇಕೆಂದು ನನಗೇ ತೋಚಿರಲಿಲ್ಲ. ಮಗಳು ಡಬ್ಬಿಯಲ್ಲಿ ಉಳಿದ ಕಡೆಯ ಚಪಾತಿಯನ್ನು ಎತ್ತಿ ಅಜ್ಜನ ಕೈಗೆ ಕೊಟ್ಟಳು. ಮಾವನವರು ಅದನ್ನು ಎರಡು ಮಾಡಿ ಅರ್ಧ ಅವಳಿಗೇ ಕೊಟ್ಟರು.

ಕಾರಿನಲ್ಲಿ ಮಾವನವರು, "ಈ ರಾಜ್ಯದಾಗ ಗಲ್ಲು ಐತೇನು?" ಎಂದು ಕೇಳಿದರು. ಮರಣದಂಡನೆ ಕಾನೂನಿನಲ್ಲಿದೆ, ಆದರೆ ಈಗ ಯಾರ ಮೇಲೂ ಜಾರಿ ಮಾಡುತ್ತಿಲ್ಲ ಎಂದೆ. "ಹಂಗಾರ ಛಲೋ" ಎಂದು ಕಣ್ಣು ಮುಚ್ಚಿ ನಿದ್ದೆ ಹೋದರು.

ಮಗಳು ಮೊದಲು ಹಾಕಿಕೊಂಡಿದ್ದ ನಕ್ಷೆಯಲ್ಲಿ ಹಲಗೆಯ ನಡುವೆ ದೊಡ್ಡ ಗಲ್ಲುಗಂಬವಿತ್ತು. ಮನೆಗೆ ಬಂದು ಅದನ್ನು ಹರಿದು ಹಾಕಿದಳು. ಕಂಬ ಚಿಕ್ಕದಾಗಿ ಒಂದು ಮೂಲೆಯಲ್ಲಿರಲಿ, ಹಲಗೆಯ ತುಂಬ ಜನ ಇರಲಿ ಎಂದಳು. ಜನರನ್ನು ಯಾವುದರಿಂದ ಮಾಡುವುದು? ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಗೊಂಬೆಗಳೆಲ್ಲ ಸೈನಿಕರು, ಇಲ್ಲವೆ ರಾಜಕುಮಾರಿಯರು. ಮಾವನವರು ಮೈದಾಹಿಟ್ಟು ಕೇಳಿದರು. ಉಪ್ಪು ಬೆರೆಸಿ ಗಟ್ಟಿಯಾಗಿ ಕಲಸಿ, ಹೆಬ್ಬೆರಳುದ್ದದ ಮನುಷ್ಯರನ್ನು ಮಾಡಿ ತೋರಿಸಿದರು. ಸಣ್ಣವರಿದ್ದಾಗ ಮಣ್ಣಿನಲ್ಲಿ ಎತ್ತು ಮಾಡುತ್ತಿದ್ದರಂತೆ. ಕೈ ಮರೆತಿರಲಿಲ್ಲ.

ಎರಡು ಶನಿವಾರ ಅಡುಗೆಮನೆ ಅವರದಾಯಿತು. ತಟ್ಟೆ ತಟ್ಟೆ ಜನ ಓವನ್ನಿನ ಸಣ್ಣ ಉರಿಯಲ್ಲಿ ಒಣಗಿದರು. ಆಫೀಸಿನ ಮೀಟಿಂಗು ಮುಗಿಸಿ ಕೆಳಗಿಳಿದು ಬಂದ ನನ್ನ ಗಂಡ ಬಿಸ್ಕತ್ತೆಂದು ಒಬ್ಬನನ್ನು ಕಚ್ಚಿ ಉಗುಳಿದರು. "ಏನ್ರೇ ಇದು, ಬರೀ ಉಪ್ಪು!" ಮಗಳು ನಕ್ಕು ನಕ್ಕು ನೆಲದ ಮೇಲೆ ಕೂತಳು. ಕಾಲು ಹೋದ ಆ ಗೊಂಬೆಯನ್ನೂ ಬಿಸಾಡದೆ ಭಿಕ್ಷುಕನನ್ನಾಗಿ ಮಾಡಿ ಮುಂದಿನ ಸಾಲಿನಲ್ಲಿ ಕೂರಿಸಿದರು.

ಬಣ್ಣ ಬಳಿಯುವಾಗ ಮಗಳು ಒಂದು ಗೊಂಬೆಯನ್ನು ಎತ್ತಿ ತಿರುಗಿಸಿ ನೋಡಿದಳು. ತಲೆಯ ಮೇಲಿಂದ ಮುಖದವರೆಗೆ ಸೆರಗು.

"ಅಜ್ಜ! ದೇ ಡಿಡಂಟ್ ವೇರ್ ಸಾರೀಸ್ ದೇರ್!"

"ಇರಲಿ ಬಿಡವಾ. ಅಕಿ ಎಲ್ಲಾ ಊರಾಗೂ ಇರತಾಳ."

ನಾನು ಕನ್ನಡದಿಂದ ಕನ್ನಡಕ್ಕೆ ತರುವ ಮೊದಲೇ ಅವಳಿಗೆ ಅರ್ಥವಾಗಿತ್ತು. ಸೀರೆಗೆ ಹಸಿರು ಬಳಿದು ಇಟ್ಟಳು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಶಾಲೆಯ ದೊಡ್ಡ ಕೋಣೆಯಲ್ಲಿ ಎಲ್ಲರ ಮಾದರಿಗಳನ್ನೂ ಸಾಲಾಗಿಟ್ಟಿದ್ದರು. ಕೋಟೆಗಳೇ ಐದಾರಿದ್ದವು. ಒಂದಕ್ಕೆ ಮೇಲೆತ್ತುವ ಸೇತುವೆಯಿತ್ತು. ನನ್ನ ಮಗಳ ಹಲಗೆಯ ಮುಂದೆ ಬಂದವರು ಮೊದಲು ಹೆಸರು ಓದಿ ಹುಬ್ಬೇರಿಸುವರು. ಆಮೇಲೆ ಬಗ್ಗಿ ನೋಡುವರು. ಐವತ್ತಮೂರು ಜನ. ತಿಂಡಿ ಮಾರುವವನು, ಆಕಾಶ ನೋಡುವವನು, ಜೇಬುಗಳ್ಳ, ಪ್ರಾರ್ಥಿಸುವ ಮುದುಕಿ, ಹೆಗಲ ಮೇಲಿನ ಮಗು. ಗಲ್ಲಿಗೆ ಹಾಕುವವನ ಸುತ್ತ ಅಂಗೈಯಷ್ಟು ಜಾಗ ಖಾಲಿ. ಕಂಬದ ಹಗ್ಗದಲ್ಲಿ ಯಾರೂ ಇರಲಿಲ್ಲ. ಅಪರಾಧಿ ಇನ್ನೂ ಗಾಡಿಯಲ್ಲಿದ್ದ. ಅವನ ಪಕ್ಕದಲ್ಲಿ ಪಾದ್ರಿ ಕಿವಿಗೆ ಬಾಗಿದ್ದ.

ಅವಳು ಹೇಳಿದ್ದನ್ನು ನಾನು ಹಿಂದೆ ನಿಂತು ಕೇಳಿದೆ. ರಾಜರು ಇದನ್ನು ಯಾಕೆ ಎಲ್ಲರ ಕಣ್ಣ ಮುಂದೆ ಮಾಡಿಸಿದರು, ಯಾವುದು ಯಾವುದರ ಗುರುತು, ಜನ ಕೆಲವೊಮ್ಮೆ ರಾಜರು ಹೇಳಿಕೊಟ್ಟ ಪಾಠವನ್ನು ಕಲಿಯದೆ ಬೇರೆಯದನ್ನೇ ಕಲಿತದ್ದು ಹೇಗೆ, ಕಲ್ಯಾಣ. ಮೂಗಿನ ತುದಿ ಬೆವರಿತ್ತು. ಮೇಷ್ಟರು ದೂರದಿಂದ ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನೂ ಆಡಿಸಿದೆ.

ಕೋಟೆ ಕಟ್ಟಿದ ಹುಡುಗನ ತಂದೆ, ವಾಲ್ನಟ್ ಕ್ರೀಕ್‌ನ ಆಫೀಸಿನಿಂದ ಓಡಿಬಂದಿದ್ದ ಎತ್ತರದ ಮನುಷ್ಯ, ಹಸಿರು ಸೀರೆಯ ಗೊಂಬೆ ಯಾರೆಂದು ಕೇಳಿದರು. ಅದನ್ನು ಮಾಡಿದವರು ನನ್ನ ಅಜ್ಜ, ಅವರು ಕೋರ್ಟಿನಲ್ಲಿದ್ದವರು, ಅದು ಸತ್ತವರ ತಾಯಿ ಎಂದಳು. ಆ ತಂದೆ ಪಕ್ಕದಲ್ಲಿ ಕರಿ ಕೋಟು ತೊಟ್ಟು ನಿಂತಿದ್ದ ಮಾವನವರ ಕಡೆ ತಿರುಗಿ ಗೌರವದಿಂದಲೇ ಕೇಳಿದರು: "ಆ ಕಾಲದಲ್ಲಿ ನೀವು ಹುಟ್ಟಿದ್ದರೆ, ನೋಡಲು ಹೋಗುತ್ತಿದ್ದಿರಾ?"

ನಾನು ಮುಂದೆ ಬರುವಷ್ಟರಲ್ಲಿ ಮಗಳೇ ಅಜ್ಜನಿಗೆ, "ಅವ್ರು ಕೇಳ್ತಾರೆ, ನೀವು ನೋಡಕ್ಕೆ ಹೋಗ್ತಿದ್ರಾ ಅಂತ. ಲಾಂಗ್ ಟೈಮ್ ಬ್ಯಾಕ್" ಎಂದಳು.

ಮಾವನವರು ಯೋಚಿಸಿದರು. "ಸುಳ್ಳ ಯಾಕ ಹೇಳೂದು? ಹೋಗತಿದ್ದೆ. ಇಪ್ಪತ್ತರ ವಯಸ್ಸಿನಾಗ ಖರೇನ ಹೋಗತಿದ್ದೆ. ಗಿಡಾ ಏರಿ ಕುಂತು ನೋಡತಿದ್ದೆ. ಆಮ್ಯಾಲೆ ಮನಿಗೆ ಬಂದು ಉಣ್ಣಾಕ ಆಗತಿತ್ತೋ ಇಲ್ಲೋ, ಅದ ಗೊತ್ತಿಲ್ಲ."

ಅವಳು ಅದನ್ನು ಒಂದೊಂದೇ ಮಾತಾಗಿ ಇಂಗ್ಲಿಷಿಗೆ ತಂದಳು. ಮರದ ಭಾಗವನ್ನೂ, ಊಟದ ಭಾಗವನ್ನೂ ಬಿಡಲಿಲ್ಲ. ಆ ಮನುಷ್ಯ ನಗಲಿಲ್ಲ. ತಾನೂ ಹೋಗುತ್ತಿದ್ದೆನೇನೋ ಎಂದು ಹೇಳಿ ಮಾವನವರ ಕೈ ಕುಲುಕಿದರು.

ಮುಂದಿನ ವಾರ ಗ್ರೇಡು ಬಂತು. ಎ ಮೈನಸ್. ಹೇಳಿದ ಸಮಯಕ್ಕಿಂತ ಐದು ನಿಮಿಷ ಹೆಚ್ಚು ಮಾತಾಡಿದ್ದಕ್ಕೆ ಆ ಮೈನಸ್ಸು. ಮಾವನವರಿಗೆ ಇದು ಸರಿಬರಲಿಲ್ಲ. "ಐದು ಮಿನಿಟಿಗೆ ಮಾರ್ಕ್ಸ್ ಕಡದಾರಂದ್ರ ಹೆಂಗ? ವಕೀಲರು ಐದು ದಿನಾ ಮಾತಾಡ್ತಾರ" ಎಂದು ಎರಡು ದಿನ ಗೊಣಗಿದರು.

ಮಾದರಿ ತಿಂಗಳು ಪೂರ್ತಿ ಶಾಲೆಯ ಲೈಬ್ರರಿಯಲ್ಲಿತ್ತು. ಅಷ್ಟರಲ್ಲಿ ಇತಿಹಾಸದ ಪಾಠ ಜಪಾನಿಗೆ ಹೋಗಿತ್ತು. ಆದರೆ ಶನಿವಾರ ಬೆಳಿಗ್ಗೆ ಮೇಜಿನ ಎರಡು ತುದಿಯಲ್ಲಿ ಕೂರುವ ಅಭ್ಯಾಸ ಅಜ್ಜ ಮೊಮ್ಮಗಳಿಗೆ ಉಳಿದುಕೊಂಡಿತು. ಅವಳು ಈಗ ಕೋರ್ಟಿನ ಬೇರೆ ಕಥೆಗಳನ್ನು ಕೇಳುತ್ತಾಳೆ. ಎಮ್ಮೆ ಕಳವಿನ ಕೇಸಿನಲ್ಲಿ ಎಮ್ಮೆಯನ್ನೇ ಕೋರ್ಟಿಗೆ ಹೊಡೆದುಕೊಂಡು ಬಂದದ್ದು, ಸಾಕ್ಷಿಯೊಬ್ಬ ತನ್ನ ಹೆಸರನ್ನೇ ಮರೆತದ್ದು. ನನ್ನನ್ನು ದುಭಾಷಿಯ ಕೆಲಸದಿಂದ ಇಬ್ಬರೂ ಬಿಡಿಸಿಬಿಟ್ಟಿದ್ದಾರೆ.

ಮೊನ್ನೆ ವಿಡಿಯೋ ಕಾಲಿನಲ್ಲಿ ಮೈಸೂರಿನಿಂದ ನನ್ನ ಅಮ್ಮ ಮೊಮ್ಮಗಳನ್ನು, "ಏನ್ ಮಾಡ್ತಿದ್ದೀಯ ಪುಟ್ಟಿ?" ಎಂದು ಕೇಳಿದರು. ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರಿಸುವವಳು, ಬಾಯಿ ತುಂಬ ಅನ್ನವಿಟ್ಟುಕೊಂಡು, "ಉಣ್ಣಾಕತ್ತೀನ್ರಿ ಅಜ್ಜಿ" ಎಂದಳು. ಅಮ್ಮ ಫೋನನ್ನು ಹತ್ತಿರ ತಂದು ಅವಳ ಮುಖವನ್ನು ನೋಡಿದರು. ನಮ್ಮ ಮನೆಯ ಮೇಜಿನ ಇನ್ನೊಂದು ತುದಿಯಲ್ಲಿ ಮಾವನವರು ತಟ್ಟೆಯ ಮೇಲೆ ತಲೆ ಬಗ್ಗಿಸಿ ನಗುತ್ತಿದ್ದರು.